ಅಪ್ಪನ ಎಡೆಗೆ ಒಂದು ಕ್ವಾರ್ಟರ್

ಬಂಗಾರಪೇಟೆ ಬಿಟ್ಟ ಸಂಜೆಯ ರೈಲು ಮಾರಿಕುಪ್ಪಂ ತಲುಪುವ ಮೊದಲೇ, ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳ ಪಕ್ಕ, ಮಳೆಯೊಳಗೆ ನಿಂತುಬಿಟ್ಟಿತು. ಕಿಟಕಿಯಾಚೆ ದಿಬ್ಬಗಳು ಕರಗಿ ತೇಲುತ್ತಿರುವಂತೆ ಕಂಡವು. ಬೋಗಿಯ ದೀಪವೂ ಹೋಯಿತು. ಇದ್ದ ಏಳೆಂಟು ಜನ ಹೂವಿನ ಬುಟ್ಟಿಯ ಮುನಿಯಮ್ಮನ ಹತ್ತಿರ ಸರಿದು ಕುಳಿತರು. ನವನೀತ್ ಮಾತ್ರ ತೊಡೆಯ ಮೇಲಿನ ಬ್ಯಾಗನ್ನು ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದ. ಒಳಗೆ ಬ್ರಾಂದಿಯ ಕ್ವಾರ್ಟರ್. ಅವನು ಕುಡಿತ ಬಿಟ್ಟು ನಲವತ್ತೊಂದು ದಿನವಾಗಿತ್ತು. ಇವತ್ತು ಮಹಾಲಯ ಅಮಾವಾಸ್ಯೆ; ಕುಡಿದೇ ಸತ್ತ ಅಪ್ಪನ ಎಡೆಗೆ ಅದೊಂದು ಇರಲೇಬೇಕೆಂದು ಅಮ್ಮ ಫೋನಿನಲ್ಲಿ ಅತ್ತಿದ್ದಳು.

"ಏನಪ್ಪಾ, ಬ್ಯಾಗಲ್ಲಿ ಕೋಳಿಮರಿ ಐತಾ, ಅಂಗೆ ತಬ್ಕೊಂಡಿದ್ದೀಯ?" ಮುನಿಯಮ್ಮ ಕೇಳಿದಳು. ಎಲ್ಲರೂ ನಕ್ಕರು.

"ಅಪ್ಪನ ಎಡೆಗೆ ಒಂದು ಕ್ವಾರ್ಟರ್, ಅಜ್ಜಿ."

ಅವಳ ಮುಖದ ನಗು ಮಾಯವಾಯಿತು.

"ಅಂಗಾದ್ರೆ ಕೇಳ್ಲಾ ಮಗ, ನೀವೂ ಕೇಳ್ರಪ್ಪಾ... ನಮ್ಮ ಯಜಮಾನ ಇಲ್ಲೇ ನಂದಿದುರ್ಗ ಅನ್ನೋ ಗಣೀಲಿದ್ದೋನು. ಗಣಿ ಮುಚ್ಚಿದ್ಮೇಲೆ ಬೆಳಗಾದ್ರೆ ಕುಡಿಯೋನು, ಕುಡ್ದೂ ಕುಡ್ದೂ ಒಟ್ಟೆ ಊದ್ಕೊಂಡು ಸತ್ತ. ಮೊದಲ್ನೇ ಎಡೆಗೆ ಮುದ್ದೆ, ಬಾಡಿನ ಸಾರು, ಬೀಡಿ ಎಲ್ಲಾ ಇಟ್ಟೆ... ಬಾಟ್ಲೂ ಇಟ್ಟೆ. ಆಸೆಪಟ್ಟಿದ್ದು ಇಡ್ದಿದ್ರೆ ತಿರುಗಾಡ್ತಾನೆ ಅಂತ ಲೈನ್ ಮನೆಯೋರೆಲ್ಲಾ ಏಳುದ್ರು. ಬಾಗಿಲು ಆಕಿ, ಸತ್ತೋನು ಉಣ್ಲಿ ಅಂತ ಆಚೆ ಕೂತ್ವಿ. ನನ್ನ ಮಗ ಬೈರೇಶ ನನ್ನ ಮಗ್ಗುಲಲ್ಲೇ ಇದ್ದ... ಇಪ್ಪತ್ತು ವರ್ಷ, ಒಂದು ತೊಟ್ಟು ಮುಟ್ಟಿದೋನಲ್ಲ. ಬಾಗಿಲು ತೆಗುದ್ರೆ ಮುದ್ದೆ ಅಂಗೇ ಐತೆ, ಬಾಟ್ಲಿನ ಮುಚ್ಚಳ ಅಂಗೇ ಐತೆ... ಒಳಗೆ ಮಾತ್ರ ಏನೂ ಇಲ್ಲ. ವಾಸ್ನೆ ಎಲ್ಲಿಂದ ಬತ್ತೈತೆ? ನನ್ನ ಮಗನ ಬಾಯಿಂದ! ಸತ್ತೋರ್ಗೆ ಬಾಯಿ ಎಲ್ಲೈತಪ್ಪಾ? ಬದುಕಿರೋರ್ದೇ ಬೇಕಲ್ವಾ? ಗಣಿಯೋರ ಕೆಮ್ಮು ಕೆಮ್ಮಿ, ನನ್ನ ಮಗ ನನ್ನನ್ನ 'ಮುನೀ' ಅಂದ... ಅವರಪ್ಪ ಕೂಗ್ದಂಗೆ."

"ಆಮೇಲೆ?" ನವನೀತ್ ಕೇಳಿದ.

"ಆಮೇಲೇನು? ಎಡೆ ವರ್ಷಕ್ಕೊಂದು ಸಲ, ಬೈರೇಶಂಗೆ ದಿನಾ ಬಾಟ್ಲು. ಅದೂ ಸಾಲ್ದು ಅಂತ ಮತ್ತಿನ ಮಾತ್ರೆ, ಸೂಜಿ... ಈಗ ಅವೆಲ್ಲಾ ಚಾಕ್ಲೇಟ್ ಸಿಕ್ಕಂಗೆ ಸಿಗ್ತವಲ್ಲ. ನಮ್ಮ ಸಾಲಲ್ಲಿ ಯಾವ ಮನೆ ಬಿಟ್ಟೈತೆ ಏಳು? ಮೂವತ್ತು ತುಂಬೋ ಮುಂಚೆ ಅವನ್ದೂ ಎಡೆ ಇಟ್ಟೆ."

ನವನೀತ್ ಎದ್ದು ಬಾಗಿಲ ಬಳಿ ಹೋದ. ಮುಚ್ಚಳ ತಿರುಗಿಸಿದೊಡನೆ ಸಿಹಿಯಾದ, ಬೆಚ್ಚನೆಯ ವಾಸನೆ ಮೇಲೆದ್ದು, ಬಹಳ ದಿನದ ಮೇಲೆ ಸಿಕ್ಕ ಗೆಳೆಯನಂತೆ ಹೆಗಲ ಮೇಲೆ ಕೈಯಿಟ್ಟಿತು. ಎಷ್ಟು ಹೊತ್ತು ಹಾಗೆ ನಿಂತಿದ್ದನೋ! ಅಮ್ಮನ ಅಳು ನೆನಪಾಯಿತು. ಕಣ್ಣು ಮುಚ್ಚಿ ಬಾಟಲಿಯನ್ನು ಬಗ್ಗಿಸಿದ. ಬ್ರಾಂದಿ ಮಳೆಯಲ್ಲಿ ಬೆರೆತು, ಬಣ್ಣ ಕಳೆದುಕೊಂಡು, ಹಳಿಗಳತ್ತ ಹರಿಯಿತು. ರೈಲು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಅಲುಗಿ, ಮೆಲ್ಲಗೆ ಹೊರಟಿತು.

"ಒಳ್ಳೇ ಕೆಲ್ಸ ಮಾಡ್ದೆ," ಎಂದಳು ಮುನಿಯಮ್ಮ. "ನಾನೂ ಓದ ವರ್ಷದಿಂದ ಬರೀ ನೀರು ಇಡ್ತೀನಿ. ಆದ್ರೆ ಸತ್ತೋರು ಬಿಟ್ಟೋದ್ರು ಅಂದ್ಕೋಬೇಡ ಕಣಪ್ಪಾ... ಮನೇಲಿ ಈಗ ಯಾರವ್ರೆ? ನಾನೊಬ್ಳೇ. ಈ ಜನ್ಮದಲ್ಲಿ ಒಂದು ಗುಟುಕು ಕುಡ್ದೋಳಲ್ಲ. ಆದ್ರೂ ದಿನಾ ದೀಪ ಅಚ್ಚೋ ಒತ್ತಿಗೆ ಒಂದು ಗಂಡು ದನಿ ಕೇಳ್ತೈತೆ... 'ಒಂದೇ ಒಂದು ಗುಟುಕು, ಮುನೀ' ಅಂತ. ಯಾರಪ್ಪಾ ಅಂತ ಸುತ್ತ ನೋಡ್ತೀನಿ... ಅಲ್ಲಾಡ್ತಿರೋದು ನನ್ನ ತುಟಿ."