ಹಿಂದಿನ ಸೀಟಿನಲ್ಲಿ ಆಡಿದ ಮಾತು

ನಾನು ಶ್ರೀಲಕ್ಷ್ಮಿ ಕೋಂ ಕೇಶವಮೂರ್ತಿ, ವಯಸ್ಸು 44, ಶಾಲಾ ಶಿಕ್ಷಕಿ, ವಾಸ ಲೋಧಿ ಕಾಲೋನಿಯ ಸರ್ಕಾರಿ ವಸತಿಗೃಹ, ನವದೆಹಲಿ. ನಾನು ಅತ್ತೆಯನ್ನು ಬೇಕೆಂದೇ ಕಾಡಿನಲ್ಲಿ ಬಿಟ್ಟುಬಂದೆನೆಂದೂ, ಇನ್ನು ಮುಂದೆ ಅವರನ್ನು ತಮ್ಮ ಮನೆಗೆ ಕಳಿಸಿಕೊಡಬೇಕೆಂದೂ ದಾವಣಗೆರೆಯಲ್ಲಿರುವ ಮೈದುನ ಸುರೇಶ ಅವರು ಈ ಠಾಣೆಯಲ್ಲಿ ದೂರು ಕೊಟ್ಟಿರುವುದರಿಂದ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 21-10-2007, ಭಾನುವಾರ, ವಿಜಯದಶಮಿ. ಅಂದು ಸಂಜೆ ನಮ್ಮ ಕಾಲೋನಿಯ ಕನ್ನಡದವರು ಒಬ್ಬರಿಗೊಬ್ಬರು ಬನ್ನಿ ಕೊಡುವುದು ರೂಢಿ. ಹಿಂದಿನ ವರ್ಷದವರೆಗೆ ನಾವೆಲ್ಲ ಪಾರ್ಕಿನ ಮುಳ್ಳುಮರದ ಎಲೆಯನ್ನೇ ಬನ್ನಿಯೆಂದು ಹಂಚುತ್ತಿದ್ದೆವು. ಅದು ಬನ್ನಿಯಲ್ಲ, ಜಾಲಿಯ ಜಾತಿಯದು ಎಂದು ಗುರುತು ಹಿಡಿದವರು ನನ್ನ ಅತ್ತೆ ಶಾರದಮ್ಮ, ವಯಸ್ಸು 73. ಇಷ್ಟು ವರ್ಷ ಜಾಲಿ ಕೊಟ್ಟು ಬಂಗಾರ ಅಂದಿರಾ ಎಂದು ಅವರು ಎಲ್ಲರೆದುರು ನಕ್ಕಿದ್ದರು. ಗುಡಗಾಂವ್‌ನಿಂದ ಫರೀದಾಬಾದಿಗೆ ಹೋಗುವ ಗುಡ್ಡದ ರಸ್ತೆಯಲ್ಲಿ ನಿಜವಾದ ಬನ್ನಿ ಇದೆಯೆಂದು ತಿಳಿದು ನಾನು, ಅತ್ತೆ ಮತ್ತು ಮಗಳು ಗಗನಾ, ವಯಸ್ಸು 15, ಮಧ್ಯಾಹ್ನ 2.15ಕ್ಕೆ ಕಾರಿನಲ್ಲಿ ಹೊರಟೆವು. ಪತಿ ಕಚೇರಿ ಕೆಲಸದ ಮೇಲೆ ಪರವೂರಿನಲ್ಲಿದ್ದರು. ಕಾರು ಓಡಿಸಿದವಳು ನಾನು. ಮಗಳು ನನ್ನ ಪಕ್ಕ, ಅತ್ತೆ ಎಂದಿನಂತೆ ನನ್ನ ಸೀಟಿನ ಹಿಂದೆ. ಅಲ್ಲಿ ಕುಳಿತವರು ನನಗೆ ಕನ್ನಡಿಯಲ್ಲಿ ಕಾಣುವುದಿಲ್ಲ.

ಗುಡಗಾಂವ್‌ನ ಕಟ್ಟಡಗಳು ಮುಗಿದ ಮೇಲೆ ರಸ್ತೆ ಗುಡ್ಡ ಬಳಸಿ ಹತ್ತುತ್ತದೆ. ಕಲ್ಲು ತೆಗೆದ ಹಳ್ಳಗಳಲ್ಲಿ ನೀಲಿ ನೀರು ಅಲುಗದೆ ನಿಂತಿತ್ತು. ಬಂಡೆಗಳ ಮೇಲೆ ನವಿಲುಗಳಿದ್ದವು, ಒಂದೂ ಕೂಗಲಿಲ್ಲ. ಸುಮಾರು 3.40ಕ್ಕೆ ಅತ್ತೆ ಮರವನ್ನು ಗುರುತಿಸಿದರು. ಅದು ರಸ್ತೆಯಿಂದ ಮೂವತ್ತು ಮೀಟರ್ ಒಳಗಿತ್ತು, ಬುಡ ಬಂಡೆಯ ಮರೆಯಲ್ಲಿತ್ತು.

ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಹೆಂಗಸು, ಇದು ನಮ್ಮ ಸಾಧು ಬಾಬಾನ ಕಾಡು, ನಾವು ಇಲ್ಲಿ ಒಣಕಡ್ಡಿಯನ್ನೂ ಮುರಿಯುವುದಿಲ್ಲ ಎಂದು ತಿಳಿಸಿದರು. ನಿಮ್ಮ ಬಾಬಾನಷ್ಟೇ ನನಗೂ ವಯಸ್ಸಾಗಿದೆ, ದೋ ಪತ್ತಾ, ಎರಡೇ ಎಲೆ ಸಾಕು ಎಂದು ಅತ್ತೆ ತಮ್ಮ ಹಿಂದಿಯಲ್ಲಿ ಹೇಳಿ, ಮರವನ್ನು ಸುತ್ತಿ, ಕೈಮುಗಿದು, ಒಂದು ಟೊಂಗೆ ಮುರಿದರು. ತಡೆಯಬಹುದಿತ್ತು. ನಾನು ತಡೆಯಲಿಲ್ಲ.

ಅಷ್ಟರಲ್ಲಿ ಕಲ್ಲಿನ ಲಾರಿಯೊಂದು ನನ್ನ ಕಾರಿನ ಹಿಂದೆ ನಿಂತು ಹಾರ್ನ್ ಹೊಡೆಯತೊಡಗಿತು. ಕಾರು ತಿರುಗಿಸಿ ತರುವವರೆಗೆ ಮರದ ಬುಡದ ಚಪ್ಪಡಿಯ ಮೇಲೆ ಕುಳಿತಿರಿ ಎಂದು ಅತ್ತೆಗೆ ಹೇಳಿ ಮಗಳೊಂದಿಗೆ ಹೋದೆ. ಮುಂದಿನ ತಿರುವಿನಲ್ಲಿ ತಿರುಗಿಸಿ, ಬಂದು ನಿಲ್ಲಿಸಿ, ಒಮ್ಮೆ ಹಾರ್ನ್ ಮಾಡಿದೆ. ಹಿಂದಿನ ಬಾಗಿಲು ತೆರೆದು ಮುಚ್ಚಿತು. ಕಾರು ಸ್ವಲ್ಪ ಕುಗ್ಗಿತು. ಅತ್ತೆ, "ನಡಿ ಲಕ್ಷ್ಮೀ" ಎಂದರು. ಆಗ ಸಮಯ 4.20. ಆ ಬಾಗಿಲ ಸದ್ದನ್ನು ಕೇಳಿದೆನೋ, ಕೇಳುತ್ತದೆಂದು ಕಾದಿದ್ದರಿಂದ ಕೇಳಿದಂತಾಯಿತೋ ಎಂದು ಈಗಲೂ ಯೋಚಿಸುತ್ತೇನೆ. ಆದರೆ ಮಗಳೂ ಕೇಳಿದ್ದಾಳೆ.

ದಾರಿಯುದ್ದಕ್ಕೂ ಅತ್ತೆ ಮಾತಾಡಿದರು. ಮಗಳು, "ಅಜ್ಜಿ, ಬನ್ನಿ ಮೊದಲು ನನಗೇ, ಪಕ್ಕಾ?" ಎಂದಾಗ, ಮೊದಲು ನಿನ್ನ ಮಮ್ಮಿಗೆ ಎಂದರು. ನಾನು ತಿರುಗಲು ಹೋದೆ. "ಹಿಂದೆ ನೋಡಬೇಡ, ದಾರಿ ನೋಡು" ಎಂದರು. ತಿರುವುಗಳಲ್ಲಿ ಅವರು ಯಾವಾಗಲೂ ಹಾಗೆ ಹೇಳುವುದರಿಂದ ನನಗೆ ವಿಶೇಷವೆನಿಸಲಿಲ್ಲ. ಆಮೇಲೆ, ಸುರೇಶನ ಮನೆಗೆ ಹೋಗಲು ತಮಗೆ ಮನಸ್ಸಿಲ್ಲವೆಂದೂ, ಅವನು ಹಠ ಹಿಡಿದರೆ ನೀನು ಕಳಿಸಿಬಿಡುತ್ತೀಯಾ ಎಂದೂ ಕೇಳಿದರು. ಈ ವಿಷಯವನ್ನು ಅವರು ನನ್ನ ಬಳಿ ಎತ್ತಿದ್ದು ಅದೇ ಮೊದಲು. ನಾನು ರಸ್ತೆ ನೋಡುತ್ತಲೇ, "ನೀವಾಗಿ ಹೊರಡ್ತೀನಿ ಅನ್ನೋವರೆಗೆ ನಮ್ಮ ಜೊತೆಗೇ ಇರಿ ಅತ್ತೆ" ಎಂದೆ. ಮರುಮಾತು ಬರಲಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡೆ.

4.45ಕ್ಕೆ, ಮರದಿಂದ ಹನ್ನೊಂದು ಕಿಲೋಮೀಟರ್ ದೂರದ ಪೆಟ್ರೋಲ್ ಬಂಕಿನಲ್ಲಿ, ಅತ್ತೆಗೆ ನೀರು ಕೊಡಲು ಹಿಂದಿನ ಬಾಗಿಲು ತೆರೆದೆ. ಸೀಟಿನ ಮೇಲೆ ಬನ್ನಿಯ ಟೊಂಗೆ ಮಾತ್ರ ಇತ್ತು. ಮಗಳು, "ಅಜ್ಜಿ ಅಭೀ ತೋ, ಈಗಷ್ಟೇ ಮಾತಾಡ್ತಿದ್ರು" ಎಂದಳು. ನಾವು ಬಂದ ದಾರಿಯಲ್ಲೇ ವಾಪಸಾದೆವು. ಯಾವ ವೇಗದಲ್ಲಿ ಓಡಿಸಿದೆನೋ ನೆನಪಿಲ್ಲ.

5.10ಕ್ಕೆ ತಲುಪಿದಾಗ ಬೆಳಕು ಇಳಿಯುತ್ತಿತ್ತು. ಎಮ್ಮೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಅದೇ ಹೆಂಗಸು ರಸ್ತೆಯಲ್ಲಿ ಸಿಕ್ಕರು. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಮರದ ಕಡೆ ನೋಡಿದರು. ಮುದುಕಿಯ ಜೊತೆ ನೀವು ಕುಳಿತಿದ್ದಿರಲ್ಲ, ಅದಕ್ಕೇ ನಾನು ಹೊರಟೆ ಎಂದು ಹೇಳಿ, ಬೇರೇನೂ ಕೇಳದೆ ಬೇಗ ಬೇಗ ಹೋದರು.

ಅತ್ತೆ ಚಪ್ಪಡಿಯ ಒಂದು ಬದಿಗೆ ಕುಳಿತಿದ್ದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಅವರ ಕೈ ಬರಿದಾಗಿತ್ತು. ಹೆದರಿದಂತೆ ಕಾಣಲಿಲ್ಲ.

"ಈಗ ತಾನೇ ಎದ್ದು ಹೋದೆಯಲ್ಲೇ, ಅಷ್ಟಕ್ಕೇ ಯಾಕೆ ಹೀಗೆ ಏದುಸಿರು?" ಎಂದರು.

ಬನ್ನಿ ಎಲ್ಲಿ ಎಂದು ಕೇಳಿದೆ. ಆಗಲೇ ನಿನ್ನ ಕೈಗೆ ಕೊಟ್ಟೆನಲ್ಲ ಎಂದರು. ನನ್ನ ಮೊಣಕೈ ಹಿಡಿದು ಎದ್ದು, ಕಾರಿನವರೆಗೆ ನಡೆದು, ಹತ್ತುವ ಮುನ್ನ ಹೇಳಿದರು: "ಕೊಟ್ಟ ಮಾತು ಮರೀಬೇಡ. ನೀವಾಗಿ ಹೊರಡ್ತೀನಿ ಅನ್ನೋವರೆಗೆ ನಮ್ಮ ಜೊತೆಗೇ ಇರಿ ಅಂದಿದ್ದೀಯ."

ಮನೆಗೆ ಬಂದ ಮೇಲೆ ಮಗಳು ಚಿಕ್ಕಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದ್ದರಿಂದ ಈ ದೂರು ಬಂದಿದೆ. ಐವತ್ತು ನಿಮಿಷ ಅತ್ತೆಯನ್ನು ಕಾಡಿನಲ್ಲಿ ಬಿಟ್ಟಿದ್ದೆನೆಂಬುದನ್ನು ಒಪ್ಪುತ್ತೇನೆ. ಬೇಕೆಂದು ಬಿಟ್ಟಿಲ್ಲ. ನಾನು ಬಿಟ್ಟೇ ಹೋಗಿಲ್ಲವೆಂದು ಅತ್ತೆ ಹೇಳುತ್ತಾರೆ, ಅವರನ್ನೂ ಕೇಳಬಹುದು. ಅಷ್ಟು ಹೊತ್ತು ಅವರ ಪಕ್ಕದಲ್ಲಿ ಕುಳಿತವರು ಯಾರು, ನನ್ನ ಹಿಂದೆ ಕುಳಿತವರು ಯಾರು ಎಂಬುದು ನನಗೆ ತಿಳಿದಿಲ್ಲ. ಮಾತು ಮಾತ್ರ ನಾನು ಆಡಿದ್ದು. ಅದು ಅವರಿಗೆ ತಲುಪಿದೆ. ಆದ್ದರಿಂದ ಅವರಾಗಿ ಹೊರಡುತ್ತೇನೆ ಎನ್ನುವವರೆಗೆ ನಾನು ಅವರನ್ನು ಯಾರ ಮನೆಗೂ ಕಳಿಸುವುದಿಲ್ಲ.

ಇದನ್ನು ಓದಿಸಿ ಕೇಳಿದ್ದೇನೆ. ನಾನು ಕಂಡದ್ದು, ಕೇಳಿದ್ದು ಇಷ್ಟೇ. ನನಗೆ ತಿಳಿದಮಟ್ಟಿಗೆ ಇದರಲ್ಲಿ ಸುಳ್ಳಿಲ್ಲ.

ಸ್ಥಳ: ದಾವಣಗೆರೆ
ದಿನಾಂಕ: 12-11-2007
ಸಹಿ/- ಶ್ರೀಲಕ್ಷ್ಮಿ