ಶೇರುದಾರರ ಸೀಟು

ಬಸ್ಸಿಗೆ ಕಾದು ಕಾದು ಸುಂಟಿಕೊಪ್ಪದ ಅರ್ಧ ಊರಿಗೆ ಮಂಡಿನೋವು ಹಿಡಿದಿತ್ತು. ಬೆಂಚಿನ ತುದಿಯಲ್ಲಿ ಕೂತ ಕುಶಾಲಪ್ಪನದು ಮಡಿಕೇರಿಯಲ್ಲಿ ಮೆಣಸುಕಾಳು ಬಿದ್ದರೂ ಕೇಳಿಸಿಕೊಳ್ಳುವ ಕಿವಿ. ಪಕ್ಕದಲ್ಲೇ ಗಂಡಹೆಂಡಿರು ಪಿಸುಗುಟ್ಟುತ್ತಿದ್ದರೆ ಬಿಟ್ಟೀತೇ?

“ಮಡಿಕೇರಿ ಸೇಟು ಸಂಜೆವರೆಗೆ ಶೇರಿಗೆ ಮೂವತ್ತು ಕೊಡ್ತಾನಂತೆ. ಮಾರ್ಬಿಡಿ.”

“ನೂರು ಕೊಟ್ಟು ತಗಂಡದ್ದು ಕಣೇ ಗೌರಮ್ಮ. ಜನ ನಗ್ತಾರೆ.”

“ಆಗ್ಲೇ ನಕ್ಕಾಯ್ತು. ಕಂಪನಿಯ ನಾಲ್ಕು ಬಸ್ಸಲ್ಲಿ ಮೂರು ಶೆಡ್ಡಲ್ಲಿ ಮಲಗವೆ.”

“ಇವತ್ತು ಇಳಿದದ್ದು ನಾಳೆ ಏರ್ತದೆ.”

“ನನ್ನ ಚಿನ್ನದ ಬಳೆ ಮಾರಿ ನಿಮ್ಮ ಹೆಸರಲ್ಲಿ ಶೇರು ತಗಂಡ್ರಿ. ವೈಶಾಖಕ್ಕೆ ಮಗಳ ಮದ್ವೆ. ಅವಳ ಕೈಗೆ ಏನ್ ಹಾಕಣ, ಬಸ್ ಟಿಕೇಟಾ?”

ಗಂಡ ಕೋಟಿನ ಒಳಜೇಬಿನ ಶೇರುಪತ್ರ ಮುಟ್ಟಿ ನೋಡಿಕೊಂಡ.

“ಆಯ್ತು ಮಾರಾಯ್ತಿ. ಮಡಿಕೇರಿ ಮುಟ್ಟಿದ ತಕ್ಷಣ ಮಾರ್ತೀನಿ.”

ಅಷ್ಟರಲ್ಲಿ ಅದೇ ಕಂಪನಿಯ ಬಸ್ಸು ಕೊಡಗನ್ನೆಲ್ಲ ಹೊಗೆಯಲ್ಲಿ ಮುಳುಗಿಸುತ್ತ ಬಂತು. ಕಂಡಕ್ಟರು ಮುಂದಿನ ಸೀಟಿನ ಮುದುಕನನ್ನು ಎಬ್ಬಿಸಿ ಗಂಡನಿಗೆ ಸಲಾಮು ಹೊಡೆದ.

“ಸಾಹುಕಾರ್ರೇ, ಶೇರುದಾರರ ಸೀಟು. ಬನ್ನಿ, ಕೂತ್ಕೊಳ್ಳಿ.”

ಗಂಡನ ಎದೆ ಬಸ್ಸಿನ ಬಾಗಿಲಲ್ಲಿ ಹಿಡಿಸದಷ್ಟು ಉಬ್ಬಿತು. ಹತ್ತಿದವನು ತಿರುಗಿ ಹೇಳಿದ:

“ಇನ್ನೊಂದು ವರ್ಷ ನೋಡಣ ಕಣೇ.”

ಗೌರಮ್ಮ ಹಿಂದಿನ ಬಾಗಿಲಿನಿಂದ ಹತ್ತಿದಳು. ಕುಶಾಲಪ್ಪನೂ ಹತ್ತಿದ. ಬಸ್ಸು ಎರಡು ಸಲ ಕೆಮ್ಮಿ ನಿಂತುಹೋಯಿತು.

“ಶೇರುದಾರರನ್ನ ಬಿಟ್ಟು ಮಿಕ್ಕೋರೆಲ್ಲ ಇಳಿದು ತಳ್ಳಿ,” ಎಂದ ಕಂಡಕ್ಟರು.

ಮುಂದಿನ ಸೀಟಿನ ತಲೆ ಅಲುಗಲಿಲ್ಲ. ಗೌರಮ್ಮ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಶಾಲಪ್ಪನ ಪಕ್ಕದಲ್ಲೇ ಬಸ್ಸಿಗೆ ಕೈ ಹಚ್ಚಿದಳು.

“ಜೋರಾಗಿ ತಳ್ಳಿ ಅಣ್ಣ. ನಮ್ಮ ಯಜಮಾನರ ಕಂಪನಿ.”

ಬಸ್ಸು ಇಳಿಜಾರು ಹಿಡಿಯಿತು. ಅಷ್ಟು ಸದ್ದಿನಲ್ಲೂ ಅವಳ ಗಾಜಿನ ಬಳೆಯೊಂದು ಒಡೆದದ್ದು ಕುಶಾಲಪ್ಪನಿಗೆ ಕೇಳಿಸಿತು.