ಬಾಲ್ಕನಿಯ ಅರ್ಧ ಡಬ್ಬಿ

ಚೆನ್ನೈನ ಗಿಂಡಿಯಲ್ಲಿ ಸ್ಕೂಟರ್ ವರ್ಕ್‌ಶಾಪಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಂದೆ ಮತ್ತು ಮಗಳು ಕುಳಿತಿದ್ದರು. ಮಗಳ ಸ್ಕೂಟರಿನ ಇಂಜಿನ್ ಜಾಮ್ ಆಗಿತ್ತು. ಕನ್ನಡ ಕಿವಿಗೆ ಬಿದ್ದುದರಿಂದ ಕೈಯಲ್ಲಿದ್ದ ಕವನ ಸಂಕಲನವನ್ನು ಮುಚ್ಚಿದೆ.

“ಅಪ್ಪಾ, ಹೋದ ವಾರ ನೀವು ಹಾಕಿದ ಆಯಿಲ್ ಯಾವುದು?”

“ಬಾಲ್ಕನಿಯಲ್ಲಿ ಅರ್ಧ ಡಬ್ಬಿ ಉಳಿದಿತ್ತಲ್ಲ, ಅದೇ.”

“ಅದಕ್ಕೆ ಮುಚ್ಚಳವೇ ಇರಲಿಲ್ಲ.”

“ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೆ.”

“ಡಿಸೆಂಬರ್ ಮಳೆಗೆ ರಬ್ಬರ್ ಬ್ಯಾಂಡಾ? ನೀವು ಕೆಲಸ ಮಾಡ್ತಿದ್ದ ರೈಲ್ವೆ ಶೆಡ್ಡಲ್ಲೂ ಹೀಗೇ ಇಡ್ತಿದ್ರಾ?”

“ಅಲ್ಲಿ ಯಾರಾದ್ರೂ ಹೀಗಿಟ್ಟಿದ್ರೆ ನಾನೇ ಮೆಮೊ ಕೊಡ್ತಿದ್ದೆ. ಸೀಲ್ ತೆಗೆದ ಡಬ್ಬಿ ಮೇಲೆ ತಾರೀಖು ಬರೀಬೇಕು, ಬಿಗಿಯಾಗಿ ಮುಚ್ಚಿ ಒಣ ಜಾಗದಲ್ಲಿಡಬೇಕು. ನೀರು ಸೇರಿ ಬೆಳ್ಳಗಾದ್ರೆ ಹಳೇ ಆಯಿಲ್ ಡ್ರಮ್ಮಿಗೆ ಸುರೀಬೇಕು.”

“ಮೆಕ್ಯಾನಿಕ್ ಈಗ ಇಂಜಿನ್ನಿಂದ ಇಳಿಸಿದ್ದು ಹಾಲು ಜಾಸ್ತಿಯಾದ ಕಾಫಿ ಥರ ಇತ್ತು. ಹಾಕೋವಾಗ ನೀವು ನೋಡ್ಲಿಲ್ವಾ?”

“ನೋಡಿದೆ.”

“ಮತ್ತೆ?”

ಅವರು ಕನ್ನಡಕ ತೆಗೆದು, ಶರ್ಟಿನ ಅಂಚಿನಿಂದ ಬಹಳ ಹೊತ್ತು ಒರೆಸಿದರು.

“ಬಣ್ಣ ಗೊತ್ತಾಗ್ಲಿಲ್ಲ, ವಂದನಾ. ಎಲ್ಲಾ ಮಂಜು ಮಂಜಾಗಿ ಕಾಣುತ್ತೆ.”

“ಯಾವಾಗಿಂದ?”

“ಯುಗಾದಿಯಿಂದ. ಹೇಳೋಕೆ ನಾಚಿಕೆಯಾಯ್ತು.”

ಅಷ್ಟರಲ್ಲಿ ಮೆಕ್ಯಾನಿಕ್ ಬಂದು, ಆ ಆಯಿಲ್ ಹಾಕಿದವರು ಯಾರೆಂದು ತಮಿಳಿನಲ್ಲಿ ಕೇಳಿದ. ತಾನೇ ಎಂದಳು ವಂದನಾ.

“ಮನೆಯಲ್ಲೇ ರೈಲ್ವೆ ಸಾರ್ ಇದ್ದಾರಲ್ಲಮ್ಮಾ. ಮುಂದಿನ ಸಲ ಅವರಿಗೆ ತೋರಿಸಿ ಹಾಕಿ,” ಎಂದ ಆತ.

ತಂದೆ ತಲೆ ಎತ್ತಲಿಲ್ಲ. ಹೊರಡುವಾಗ ಮಗಳು ಅವರ ಮೊಣಕೈ ಹಿಡಿದುಕೊಂಡಳು.

“ಮೆಟ್ಟಿಲು ಕಾಣುತ್ತೆ, ಬಿಡು,” ಎಂದರು ಅವರು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.